ಭ್ರಮರಾಂಬ ಕೊಟ್ಟ ತಂತಿ

ತೆನಾಲಿಯ ಗಂಗಾನಮ್ಮಪೇಟೆಯಲ್ಲಿ, ಕಾಲುವೆಯ ಸಣ್ಣ ಸೇತುವೆ ಇಳಿದ ಕೂಡಲೇ ಎಡಕ್ಕೆ ಭ್ರಮರಾಂಬಳ ಪೆಸರಟ್ಟಿನ ಅಂಗಡಿ ಇತ್ತು. ಅಂಗಡಿ ಅನ್ನುವುದು ಮರ್ಯಾದೆಯ ಮಾತು. ನಾಲ್ಕು ಕಂಬ, ಮೇಲೆ ತಾಳೆಗರಿ, ಕೆಳಗೆ ಒಲೆ, ಎದುರಿಗೆ ಒಂದು ಕಾಲು ಕುಂಟುವ ಬೆಂಚು. ಆ ಬೆಂಚಿನ ಮೇಲೆ ಕೋರ್ಟಿನ ಪ್ಲೀಡರುಗಳೂ ಕೂತು ತಿಂದಿದ್ದಾರೆ, ಬಣ್ಣ ಇನ್ನೂ ಪೂರ್ತಿ ಅಳಿಸದ ನಾಟಕದ ದುರ್ಯೋಧನರೂ ತಿಂದಿದ್ದಾರೆ. ಹೆಸರುಕಾಳನ್ನು ಸಿಪ್ಪೆ ಸಮೇತ ರುಬ್ಬಿ, ಕಾವಲಿಯ ಮೇಲೆ ತೆಳ್ಳಗೆ ಹರಡಿ, ಹಸಿ ಶುಂಠಿ, ಮೆಣಸಿನಕಾಯಿ ಉದುರಿಸಿ, ನಡುವೆ ಒಂದು ಸೌಟು ಉಪ್ಮಾ ಇಟ್ಟು ಮಡಿಸಿ ಕೊಟ್ಟರೆ ತಿಂದವನು ಮಧ್ಯಾಹ್ನದವರೆಗೆ ಯಾರ ಮೇಲೂ ರೇಗುತ್ತಿರಲಿಲ್ಲ.

ಅವಳು ಕೂರುವ ಮಣೆಯ ಕೆಳಗೆ ಯಾವಾಗಲೂ ಒಂದು ಪತ್ತೇದಾರಿ ಕಾದಂಬರಿ ಇರುತ್ತಿತ್ತು. ಬಾಡಿಗೆ ಪುಸ್ತಕದ ಅಂಗಡಿಗಳ ಕಾಲ ಅದು. ದಿನಕ್ಕೆ ಇಷ್ಟು ಅಂತ ಕೊಟ್ಟರೆ ಅಂಗೈಯಗಲದ ಪುಸ್ತಕ ಮನೆಗೆ ಬರುತ್ತಿತ್ತು, ಓದುವುದು ಒಬ್ಬರ ಹೆಸರಿನಲ್ಲಿ, ಕೇಳುವುದು ಇಡೀ ಬೀದಿ. ಭ್ರಮರಾಂಬ ಹಿಟ್ಟಿನ ಕೈಯಲ್ಲೇ ಪುಟ ತಿರುಗಿಸುವವಳು.

"ಅಕ್ಕಯ್ಯ, ನಿನ್ನ ಹತ್ರ ಹೋಗಿ ಬಂದ ಪುಸ್ತಕ ಹರಿದು ಕಾವಲಿ ಮೇಲೆ ಹಾಕಿದ್ರೆ ನಾಲ್ಕು ಜನರ ತಿಂಡಿ ಆಗುತ್ತೆ," ಅಂತ ಬಾಡಿಗೆ ಅಂಗಡಿಯವನು ಗೊಣಗುತ್ತಿದ್ದ.

"ಹಾಕಿ ಕೊಡ್ತೀನಿ, ತಿಂದ್ಕೊಂಡು ಹೋಗು. ಕೊಲೆಗಾರ ಯಾರು ಅಂತ ಮಾತ್ರ ಈಗ್ಲೇ ಬಾಯಿ ಬಿಡ್ಬೇಡ," ಅನ್ನುತ್ತಿದ್ದಳು ಅವಳು.

ಆ ಪುಸ್ತಕಗಳನ್ನು ಬರೆಯುತ್ತಿದ್ದ ಮನುಷ್ಯ ಅವಳ ಎದುರಿನ ಬೆಂಚಿನ ಮೇಲೇ ಕೂತಿರುತ್ತಿದ್ದರು. ಚಿರುಮಾಮಿಳ್ಳ ಪಾನಕಾಲರಾವು. ಸಣಕಲು ದೇಹ, ಮಾಸಿದ ಪಂಚೆ, ಕಿವಿಯ ಮೇಲೆ ಪೆನ್ಸಿಲು. ಮುನ್ಸೀಫ್ ಕೋರ್ಟಿನಲ್ಲಿ ತೀರ್ಪುಗಳ ನಕಲು ಬರೆಯುವ ಗುಮಾಸ್ತರಾಗಿ ಬಹಳ ವರ್ಷ ಕುರ್ಚಿ ಸವೆಸಿದವರು. ತೀರ್ಪಿನಲ್ಲಿ ಅಪರಾಧಿಯ ಹೆಸರು ಮೊದಲ ಪುಟದಲ್ಲೇ ಇರುತ್ತದೆ, ಅದಕ್ಕೇ ಅದನ್ನು ಯಾರೂ ಓದುವುದಿಲ್ಲ ಅನ್ನುವುದು ಅವರು ಅಲ್ಲಿ ಕಂಡುಕೊಂಡ ಸತ್ಯ. ಕೆಲಸ ಬಿಟ್ಟು, ಆ ಹೆಸರನ್ನು ಕೊನೆಯ ಪುಟಕ್ಕೆ ಸಾಗಿಸಿ ಕಥೆ ಬರೆಯತೊಡಗಿದರು.

ವಿಜಯವಾಡದಲ್ಲಿ ಸಣ್ಣದೊಂದು ಮುದ್ರಣಾಲಯ ಇಟ್ಟುಕೊಂಡಿದ್ದ ಬಸವಪುನ್ನಯ್ಯ ಅವರ ಪ್ರಕಾಶಕ. ಮೊದಲ ಪುಸ್ತಕದ ಹೊತ್ತಿಗೇ ಆತ ಹೆಸರು ಬದಲಾಯಿಸಿ ಅಂತ ಗಂಟು ಬಿದ್ದಿದ್ದ. "ಪಾನಕ ಅಂತ ಹೆಸರಿಟ್ಕೊಂಡು ವಿಷದ ಕಥೆ ಬರೆದ್ರೆ ಯಾರು ಸಾರ್ ಕೊಳ್ತಾರೆ? ಭೈರವ ಅಂತ ಹಾಕೋಣ."

"ನಮ್ಮಮ್ಮ ಮಂಗಳಗಿರಿ ಸ್ವಾಮಿಗೆ ಪಾನಕದ ಹರಕೆ ಹೊತ್ತು ಹಡೆದಿದ್ದು ನನ್ನ. ಹೆಸರು ಬದಲಾಯಿಸಿದ್ರೆ ಮೊದಲ ಹೆಣ ನನ್ನದೇ ಬೀಳುತ್ತೆ. ಬೇಕಾದ್ರೆ ನೀನು ಭೈರವ ಅಂತ ಇಟ್ಕೋ," ಅಂದರು ರಾವು ಗಾರು.

ಪಾನಕದ ಹೆಸರಿನಲ್ಲೇ ಪುಸ್ತಕಗಳು ಬಂದವು, ಬಿಸಿ ಬಿಸಿಯಾಗಿ ಖರ್ಚಾದವು. ಸೈಕಲ್ಲಿನಲ್ಲಿ ಬಂದು, ಬಾಯಲ್ಲಿ ಲವಂಗ ಹಾಕಿಕೊಂಡು, ಹೆಣದ ಹತ್ತಿರ ಕೂತು ಮೊದಲು ಅದರ ಕ್ಷಮೆ ಕೇಳುವ ಅವರ ಪತ್ತೇದಾರ ನೀಲಾಚಲಂ ಗೊತ್ತಿಲ್ಲದ ಮನೆ ಕೃಷ್ಣೆಯ ಆಚೆಗೂ ಈಚೆಗೂ ಇರಲಿಲ್ಲ. ಗುಂಟೂರಿನ ಕಡೆಯ ರೈಲಿನಲ್ಲಿ ಒಬ್ಬ ಜೋರಾಗಿ ಓದಿದರೆ ಡಬ್ಬಿಯವರೆಲ್ಲ ಕಿವಿಗೊಡುತ್ತಿದ್ದರು, ಇಳಿಯುವ ಸ್ಟೇಷನ್ ಬಂದವರು ಮುಂದಿನ ಸ್ಟೇಷನ್ನಿನವರೆಗೆ ಹೋಗಿ ನಡೆದು ವಾಪಸಾಗುತ್ತಿದ್ದರು. ಈಗ ಹೇಳಿದರೆ ಕಟ್ಟುಕಥೆ ಅನ್ನುತ್ತೀರಿ. ಅಂಥ ಓದುವ ಹುಚ್ಚು ನಮ್ಮ ಸೀಮೆಗೆ ಒಂದು ಕಾಲಕ್ಕೆ ಹಿಡಿದಿತ್ತು, ಬಿಟ್ಟುಹೋಯಿತು.

ಊರಿನ ಪಂಡಿತರು ಮಾತ್ರ ರಾವು ಗಾರನ್ನು ಲೆಕ್ಕಕ್ಕೆ ಇಡುತ್ತಿರಲಿಲ್ಲ. ಗ್ರಂಥಾಲಯದ ವಾರ್ಷಿಕೋತ್ಸವಕ್ಕೆ ಕವಿಗಳು ವೇದಿಕೆ ಹತ್ತಿದರೆ, ಇವರಿಗೆ ಕುರ್ಚಿ ಹಾಕಿಸುವ ಜವಾಬ್ದಾರಿ ಬರುತ್ತಿತ್ತು. ಇವರೂ ನಗುನಗುತ್ತಾ ಹಾಕಿಸುತ್ತಿದ್ದರು. ಮನೆಗೆ ಹೋದ ಮೇಲೆ ನಗುತ್ತಿದ್ದರೋ ಇಲ್ಲವೋ ಗೊತ್ತಿಲ್ಲ, ಮರುದಿನ ಬೆಂಚಿನ ಮೇಲೆ ಮಾತ್ರ ಎಂದಿಗಿಂತ ಹೆಚ್ಚು ಹೊತ್ತು ಸುಮ್ಮನೆ ಕೂತಿರುತ್ತಿದ್ದರು ಅಂತ ಭ್ರಮರಾಂಬ ಹೇಳುತ್ತಿದ್ದಳು.

ಅವರು ಕಥೆ ಕಟ್ಟುತ್ತಿದ್ದುದೇ ಆ ಬೆಂಚಿನಲ್ಲಿ. ಪಕ್ಕದಲ್ಲಿ ಕೂತು ತಿನ್ನುತ್ತಿದ್ದ ಅಪರಿಚಿತನ ಕಡೆ ತಿರುಗಿ, "ಸ್ವಾಮಿ, ಮಜ್ಜಿಗೇಲಿ ವಿಷ ಬೆರೆಸಿದ್ರೆ ನಿಮಗೆ ರುಚಿ ಗೊತ್ತಾಗುತ್ತಾ?" ಅಂತ ಬಹಳ ಮರ್ಯಾದೆಯಿಂದ ಕೇಳುವರು. ಆತ ಲೋಟ ಕೆಳಗಿಟ್ಟು ಎದ್ದು ಹೋಗುವನು.

"ರಾವು ಗಾರು, ನಿಮ್ಮ ದೆಸೆಯಿಂದ ನನ್ನ ವ್ಯಾಪಾರ ಹಾಳಾಗುತ್ತೆ," ಅನ್ನುವಳು ಭ್ರಮರಾಂಬ.

"ಅವನು ಬಿಟ್ಟ ಮಜ್ಜಿಗೆ ಇತ್ತ ಕೊಡು. ಏನೂ ಹಾಳಾಗಲ್ಲ."

ಭ್ರಮರಾಂಬಳ ಬದುಕನ್ನು ಹೇಳಿ ಮುಗಿಸಲು ಬಹಳ ಹೊತ್ತು ಬೇಕಿಲ್ಲ. ರೇಪಲ್ಲೆಯ ಕಡೆಯವಳು. ಹಾರ್ಮೋನಿಯಂ ನುಡಿಸುವವನೊಬ್ಬನನ್ನು ಮೆಚ್ಚಿ ಮನೆಯವರ ಮಾತು ಮೀರಿ ಮದುವೆಯಾದಳು. ತವರಿನವರು ಆ ದಿನವೇ ಅವಳ ಹೆಸರಿಗೆ ಎಳ್ಳುನೀರು ಬಿಟ್ಟರು. ಹಾರ್ಮೋನಿಯಂನವನು ಒಂದು ನಾಟಕ ಕಂಪನಿಯ ಜೊತೆ ಬರಂಪುರಕ್ಕೆ ಹೋದವನು ತಿರುಗಿ ಬರಲಿಲ್ಲ. ಅವನು ಇದ್ದಾನೋ ಇಲ್ಲವೋ ತಿಳಿಯದೆ, ಹಣೆಗೆ ಕುಂಕುಮ ಇಡುವಾಗಲೆಲ್ಲ ಅವಳ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಮಕ್ಕಳಿರಲಿಲ್ಲ.

ಒಂದು ಬೆಳಿಗ್ಗೆ ಅಂಗಡಿ ತುಂಬಾ ಜನ ಇದ್ದಾಗ ಕಾಗೆಯೊಂದು ತಾಳೆಗರಿಯ ಸಂದಿನಿಂದ ನುಗ್ಗಿ ಅವಳ ನೆತ್ತಿಗೆ ಬಡಿದು ಹಾರಿಹೋಯಿತು. ತಿನ್ನುತ್ತಿದ್ದವರ ಕೈ ನಿಂತುಹೋಯಿತು. ಕಾಗೆ ತಲೆಗೆ ಬಡಿದರೆ ಸಾವು ಬಾಗಿಲಿಗೆ ಬಂದ ಹಾಗೆ. ಅದಕ್ಕೆ ಪರಿಹಾರವೂ ಎಲ್ಲರಿಗೆ ಗೊತ್ತಿದ್ದದ್ದೇ. ದೂರದ ನಂಟರಿಗೆ 'ತೀರಿಕೊಂಡಳು' ಅಂತ ಒಂದು ಸುಳ್ಳು ತಂತಿ ಹೋಗಬೇಕು. ಅವರು ನಿಜವೆಂದು ನಂಬಿ ಹೊಟ್ಟೆಗೆ ಬೆಂಕಿ ಬಿದ್ದ ಹಾಗೆ ಅಳಬೇಕು. ಆ ಕಣ್ಣೀರಿನಿಂದ ದೋಷ ತೊಳೆದು, ಹೋಗಬೇಕಿದ್ದ ಜೀವಕ್ಕೆ ಹೊಸ ಆಯಸ್ಸು ಬರುತ್ತದೆ. ಮರುದಿನ 'ಬದುಕಿದ್ದಾಳೆ, ಕಾಗೆಯ ದೋಷಕ್ಕಾಗಿ ಹೀಗೆ ಮಾಡಿದೆವು' ಅಂತ ಎರಡನೇ ತಂತಿ ಕೊಡಬೇಕು. ಆಗ ಅತ್ತವರು ಬೈದು, ನಕ್ಕು, ಪಾಯಸ ಮಾಡಿಕೊಂಡು ತಿನ್ನುತ್ತಾರೆ.

"ತಂತಿ ಯಾರಿಗೆ ಕೊಡೋಣ ಅಕ್ಕಯ್ಯ? ವಿಳಾಸ ಹೇಳು," ಅಂದ ಒಬ್ಬ ಪ್ಲೀಡರು.

ಭ್ರಮರಾಂಬ ಕಾವಲಿಯ ಮೇಲಿದ್ದುದನ್ನು ಮಗುಚಿದಳು. "ಯಾರಿಗೆ ಕೊಡ್ತೀರಿ? ನಾನು ಸತ್ತೆ ಅಂದ್ರೆ ಅಳೋರು ಯಾರಿದಾರೆ. ಕಾಗೆಗೇ ಕೊಡ್ಬೇಕು."

ಅವಳು ನಗೆಯಾಡಿದಳು, ಆದರೆ ಯಾರೂ ನಗಲಿಲ್ಲ. ರಾವು ಗಾರು ಪೆನ್ಸಿಲನ್ನು ಕಿವಿಯಿಂದ ತೆಗೆದು ಸ್ವಲ್ಪ ಹೊತ್ತು ಕೈಯಲ್ಲಿ ತಿರುಗಿಸುತ್ತಾ ಕೂತರು. ಆಮೇಲೆ ತಿಂದ ಎಲೆಯನ್ನೂ ಎತ್ತದೆ ಮನೆಗೆ ಹೋದರು.

ಮುಂದಿನ ಕಾದಂಬರಿ 'ಕಾಲುವೆಗಟ್ಟಿನ ಕೊಲೆ'. ಅದರ ಮೂರನೇ ಅಧ್ಯಾಯದಲ್ಲಿ ಪೆಸರಟ್ಟು ಮಾರುವ ಭ್ರಮರಾಂಬ ಎಂಬ ಹೆಂಗಸನ್ನು ಯಾರೋ ಕೊಂದು ಕಾಲುವೆಗೆ ನೂಕುತ್ತಾರೆ. ಹೆಣದ ಹತ್ತಿರ ಕೂತ ನೀಲಾಚಲಂ ಲವಂಗವನ್ನು ಉಗುಳಿ, ಈ ಕೈ ಎಷ್ಟು ಜನರ ಹಸಿವು ಕಳೆದಿತ್ತು ಅಂತ ಆ ತಣ್ಣಗಿನ ಕೈ ಹಿಡಿದುಕೊಳ್ಳುತ್ತಾನೆ. ಹಾಗೆ ಆತ ಹಿಂದೆಂದೂ ಮಾಡಿದವನಲ್ಲ.

ಅದನ್ನು ಓದಿದ ಭ್ರಮರಾಂಬ ಮೊದಲು ಜಗಳಕ್ಕೇ ನಿಂತಳು. "ಕೊಂದಿದ್ದು ಸರಿ. ಕಾಲುವೇಗ್ಯಾಕೆ ಹಾಕಿದ್ರಿ? ನನಗೆ ನೀರು ಅಂದ್ರೆ ಭಯ ಅಂತ ಗೊತ್ತಿಲ್ವಾ?"

"ನಿನ್ನ ಭಾರಕ್ಕೆ ಬೇರೆಲ್ಲಿಗೂ ಹೊತ್ಕೊಂಡು ಹೋಗೋಕೆ ಆಗಲ್ಲ ಅಂದ ಕೊಲೆಗಾರ. ನಾನೇನ್ ಮಾಡ್ಲಿ," ಅಂದರು ರಾವು ಗಾರು.

ಆದರೆ ಪುಸ್ತಕ ಓದಿದವರು ಅತ್ತರು. ಪೊನ್ನೂರಿನಿಂದ, ಬಾಪಟ್ಲದಿಂದ ಬಸವಪುನ್ನಯ್ಯನ ಮುದ್ರಣಾಲಯಕ್ಕೆ ಕಾಗದ ಬಂದವು. ಆ ಹೆಂಗಸು ಏನು ತಪ್ಪು ಮಾಡಿದ್ದಳು ಅಂತ ಕೇಳಿದವರೇ ಎಲ್ಲ. ತೆನಾಲಿಯಲ್ಲಿ ಅಂಥ ಅಂಗಡಿ ನಿಜವಾಗಿಯೂ ಇದೆ ಅಂತ ಯಾರಿಂದಲೋ ತಿಳಿದ ಇಬ್ಬರು ಹೆಂಗಸರು ರೈಲು ಹತ್ತಿ ಬಂದು, ಅವಳ ಕೈ ಹಿಡಿದು, "ಬದುಕಿದೀಯಲ್ಲ ತಾಯಿ, ಸದ್ಯ," ಅಂತ ಅಲ್ಲೇ ಸೆರಗಿಗೆ ಕಣ್ಣೊರೆಸಿಕೊಂಡರು. ಅವರನ್ನು ಕಳಿಸಿ ಭ್ರಮರಾಂಬ ಒಲೆಯ ಹಿಂದೆ ಹೋಗಿ ಕೂತಳು. ತನಗಾಗಿ ಜನ ಅತ್ತಿದ್ದಾರೆ ಅನ್ನುವುದನ್ನು ನೆನೆದು ನೆನೆದು ಅತ್ತಳು. ಬರಂಪುರಕ್ಕೆ ಹೋದವನಿಗಾಗಿ ಕೂಡ ಅಷ್ಟು ಅತ್ತಿರಲಿಲ್ಲ. ಆ ವರ್ಷ ಅವಳಿಗೆ ಒಂದು ಶೀತ ಕೂಡ ಆಗಲಿಲ್ಲ.

ಇದು ಊರಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಕಾಗೆ ಬಡಿದವರು, ಜ್ವರ ಬಿಡದವರು, ಜಾತಕದಲ್ಲಿ ಗಂಡಾಂತರ ಇದ್ದವರು ಎಲ್ಲರೂ ಬೆಂಚಿನ ಮುಂದೆ ಬಂದು ನಿಂತರು. "ಸಾರ್, ನಮ್ಮ ಮಾವನ್ನ ಈ ಸಲ ಹೇಗಾದ್ರೂ ಕೊಂದುಕೊಡಿ." ತನ್ನನ್ನು ಕೊಲ್ಲುವುದಾದರೆ ಸುಂದರಿಯೊಬ್ಬಳ ಕೈಯಿಂದಲೇ ಕೊಲ್ಲಿಸಬೇಕು ಅಂತ ಹಟ ಹಿಡಿದ ಪ್ಲೀಡರೊಬ್ಬನನ್ನು ರಾವು ಗಾರು ಕಥೆಯಲ್ಲಿ ಎತ್ತಿನ ಗಾಡಿಗೆ ಸಿಕ್ಕಿಸಿ ಕಾಲು ಮುರಿದು ಬಿಟ್ಟರು. ಆತ ಅವರ ಜೊತೆ ಬಹಳ ದಿನ ಮಾತು ಬಿಟ್ಟಿದ್ದ.

ಹೀಗೆ ಊರನ್ನೆಲ್ಲ ಕೊಂದು ಉಳಿಸಿದ ಮನುಷ್ಯ ತಾನೇ ಹಾಸಿಗೆ ಹಿಡಿದದ್ದು ಒಂದು ಬೇಸಿಗೆಯ ಕೊನೆಯಲ್ಲಿ. ಅದಕ್ಕೂ ಮುಂಚೆ ಕಾಲುವೆಗಟ್ಟಿನ ಮೇಲೆ ನಡೆಯುವಾಗ ಅವರ ತಲೆಗೆ ಕಾಗೆ ಬಡಿದಿತ್ತು. "ಒಳಗೆ ಇಷ್ಟು ಹೆಣ ಇಟ್ಕೊಂಡಿದೀನಲ್ಲ, ವಾಸನೆಗೆ ಬಂದಿರ್ಬೇಕು," ಅಂತ ನಕ್ಕು ಬಿಟ್ಟಿದ್ದರು. ಭ್ರಮರಾಂಬ ನಕ್ಕಿರಲಿಲ್ಲ. ಕೆಲವೇ ದಿನಕ್ಕೆ ಕಣ್ಣು ಹಳದಿಯಾದವು, ಅನ್ನ ಸೇರದಾಯಿತು. ಕಾಮಾಲೆ ಮೈಗೆಲ್ಲ ಇಳಿದಿತ್ತು. ಗುಂಟೂರಿಗೆ ಕರೆದೊಯ್ದು ತೋರಿಸಿದರೆ ಡಾಕ್ಟರು, ಮನೆಯಲ್ಲೇ ಇರಲಿ, ಇಷ್ಟಪಟ್ಟದ್ದು ಕೊಡಿ ಅಂದರು. ಇಷ್ಟಪಟ್ಟದ್ದು ಕೊಡಿ ಅಂದರೆ ಏನರ್ಥ ಅಂತ ಹೇಳಿಸಿಕೊಳ್ಳುವಷ್ಟು ದಡ್ಡಿ ಭ್ರಮರಾಂಬ ಆಗಿರಲಿಲ್ಲ.

ತಂತಿ ಕೊಡಲೇಬೇಕು ಅಂತ ಅವಳು ನಿಶ್ಚಯಿಸಿದಳು. ಯಾರಿಗೆ ಅನ್ನುವುದೇ ತೊಡಕು. ರಾವು ಗಾರ ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮಗ ಭಿಲಾಯಿಯ ಉಕ್ಕಿನ ಕಾರ್ಖಾನೆಯಲ್ಲಿದ್ದ. ಒಳ್ಳೆಯವನೇ, ಆದರೆ ಸುದ್ದಿ ತಲುಪಿದರೆ ಅಳುವ ಮುಂಚೆ ರಜೆಯ ಅರ್ಜಿ ಬರೆಯುವಂಥವನು. ಅಳುವವರು ಬೇಕು, ತಡೆದುಕೊಳ್ಳದೆ ಅಳುವವರು. ಬಸವಪುನ್ನಯ್ಯ ಸಿನಿಮಾದ ಟಿಕೆಟ್ ಹರಿಯುವಾಗಲೇ ಅಳಲು ಶುರು ಮಾಡುವ ಮನುಷ್ಯ. ಕಾಗದದ ಬೆಲೆ ಏರಿದರೂ ಅವನ ಕಣ್ಣು ತುಂಬುತ್ತಿತ್ತು. ಅವನೇ ಸರಿ ಅಂತ ಅವಳಿಗೆ ಕಂಡಿತು.

ತಂತಿ ಕಚೇರಿಯ ಮೌಲಾಲಿ ಅವಳ ಬೆಂಚಿನ ಗಿರಾಕಿ. ಒಕ್ಕಣೆ ಕೇಳಿ ಅವನ ಮುಖ ಬಿಳಿಚಿಕೊಂಡಿತು. "ರಾವು ಗಾರು ಹೋಗ್ಬಿಟ್ರಾ? ಬೆಳಿಗ್ಗೆ ನಾನೇ ನೋಡ್ಕೊಂಡು ಬಂದ್ನಲ್ಲ, ಗಂಜಿ ಕುಡೀತಿದ್ರು."

"ಕಾಗೆ," ಅಂದಳು ಭ್ರಮರಾಂಬ.

ಮೌಲಾಲಿಗೆ ಅಷ್ಟು ಸಾಕಾಯಿತು. "ಹಾಗಾದ್ರೆ ಎರಡನೇದು ನಾಳೆ?"

"ನಾಳೆ ಬೆಳಿಗ್ಗೆ ಬಂದು ಕೊಡ್ತೀನಿ. ಒಂದು ರಾತ್ರಿ ಅಳಲಿ ಪಾಪ."

ಬಸವಪುನ್ನಯ್ಯ ಅಳುವುದರಲ್ಲಿ ಕಡಿಮೆ ಮಾಡಲಿಲ್ಲ. ಅತ್ತು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ನಂಟನಾಗಿದ್ದರೆ ಮನೆಯ ಮೂಲೆ ಹಿಡಿದು ಅಳುತ್ತಿದ್ದ, ಆದರೆ ಅವನು ಪ್ರಕಾಶಕ. ಕಣ್ಣೊರೆಸಿಕೊಂಡು ಟೆಲಿಫೋನ್ ಎತ್ತಿ, ಊರೂರಿಗೆ ಹೋಗುವ ದೊಡ್ಡ ಪತ್ರಿಕೆಯ ಸಂಪಾದಕರಿಗೆ ಸುದ್ದಿ ಕೊಟ್ಟ. ಮರುದಿನ ಬೆಳಿಗ್ಗೆ ಭ್ರಮರಾಂಬ ಎರಡನೇ ತಂತಿ ಕೊಡಲು ಹೊರಟಾಗ ಸೇತುವೆಯ ಮೇಲೆ ಕಾಲಿಡಲು ಜಾಗ ಇರಲಿಲ್ಲ. ಮೊದಲ ರೈಲಿನಲ್ಲಿ ಬಂದಿಳಿದ ಜನ ಹೂವಿನ ಹಾರ ಹಿಡಿದು ರಾವು ಗಾರ ಮನೆ ಯಾವುದು ಅಂತ ಅವಳನ್ನೇ ಕೇಳಿದರು.

ರಾವು ಗಾರು ಜಗುಲಿಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದರು. ಎಲ್ಲರಿಗಿಂತ ಮುಂದೆ ಬಂದವನು ಪೊಲೀಸ್ ಕೆಲಸದಿಂದ ನಿವೃತ್ತನಾದ ದಪ್ಪ ಮೀಸೆಯವನು. ಹಾರ ಹಿಡಿದುಕೊಂಡೇ ನಿಂತುಬಿಟ್ಟ.

"ಯಾರು ಹೋಗಿದ್ದು?" ಅಂದರು ರಾವು ಗಾರು.

"ನೀವೇ ಸಾರ್. ಪೇಪರ್‌ನಲ್ಲಿ ಬಂದಿದೆ."

"ಹೌದಾ. ಯಾರು ಮಾಡಿದ್ದು ಅಂತ ಹಾಕಿದಾರಾ?"

ಆ ದಿನ ಬಂದವರ ನಡುವೆ ಭ್ರಮರಾಂಬ ನಿಂತು ನೋಡಿದಳು. ಗುಂಟೂರಿನ ಆಸ್ಪತ್ರೆಯಿಂದ ರಾತ್ರಿ ಪಾಳಿ ಮುಗಿಸಿ ಹಾಗೇ ಬಂದ ನರ್ಸಮ್ಮಂದಿರಿದ್ದರು. ಹಗ್ಗ ಇನ್ನೂ ಹೆಗಲ ಮೇಲೇ ಇದ್ದ ಈಡಿಗನೊಬ್ಬ, ಓದಲು ಬರುವುದಿಲ್ಲ, ಮಗಳು ಓದಿ ಹೇಳುತ್ತಾಳೆ ಅಂದ. ಭಜನೆ ಪುಸ್ತಕದ ಒಳಗೆ ಇವರ ಕಾದಂಬರಿ ಇಟ್ಟು ಓದುತ್ತಿದ್ದೆ ಅಂತ ಒಬ್ಬ ಮುದುಕಿ ಕೆನ್ನೆ ಬಡಿದುಕೊಂಡಳು. ಮೀಸೆಯವನು, ನೀಲಾಚಲಂನನ್ನು ನೋಡಿಯೇ ನಾನು ಪೊಲೀಸ್ ಸೇರಿದ್ದು, ಸೇರಿದ ಮೇಲೆ ಅಲ್ಲಿ ಅಂಥವರು ಯಾರೂ ಸಿಗಲಿಲ್ಲ ಅಂದ. ತಂದ ಹಾರ ಬದುಕಿದ್ದವರಿಗೆ ಹಾಕುವಂತಿಲ್ಲ, ವಾಪಸ್ಸೂ ಒಯ್ಯುವಂತಿಲ್ಲ. ಜಗುಲಿಯ ಕಂಬಗಳಿಗೆ ಸುತ್ತಿದರು. ಮನೆ ಮದುವೆ ಮನೆಯ ಹಾಗೆ ಕಂಡಿತು.

ಗ್ರಂಥಾಲಯದ ಅಧ್ಯಕ್ಷರೂ ಬಂದರು. ಸಂತಾಪದ ಭಾಷಣವನ್ನು ಬರೆದು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು. ರಾವು ಗಾರು ಬಿಡಲಿಲ್ಲ. "ಕಷ್ಟಪಟ್ಟು ಬರೆದಿದೀರಿ, ಓದಿ ಸ್ವಾಮಿ, ಕೇಳೋಣ." ಅಧ್ಯಕ್ಷರು ಬೆವರುತ್ತಾ, ತೆಲುಗು ಸಾಹಿತ್ಯಕ್ಕೆ ತುಂಬಲಾರದ ನಷ್ಟ ಅಂತ ಓದಿದರು. "ಈ ಮಾತು ಹಿಂದಿನ ವರ್ಷ ಹೇಳಿದ್ದಿದ್ರೆ ಒಂದು ಕುರ್ಚೀಲಿ ನಾನೂ ಕೂತಿರ್ತಿದ್ದೆ," ಅಂದರು ರಾವು ಗಾರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಧ್ಯಕ್ಷರು ಕೂಡ ನಗಬೇಕಾಯಿತು.

ಜನ ಕರಗಿದ ಮೇಲೆ ರಾವು ಗಾರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. "ಇಷ್ಟು ಜನ ಇದಾರಾ ಭ್ರಮರಾ," ಅಂದರು. ಅವರ ಭುಜ ಅಲುಗುತ್ತಿದ್ದುದನ್ನು ನೋಡಿ ಅವಳು, ಗಂಜಿಯ ಬಟ್ಟಲು ತೊಳೆಯುವ ನೆಪದಲ್ಲಿ ಒಳಗೆ ಹೋದಳು.

ಎರಡನೇ ತಂತಿ ತಲುಪುವ ಮುಂಚೆಯೇ ಬಸವಪುನ್ನಯ್ಯ ಎದೆ ಬಡಿದುಕೊಂಡು ಬಂದ. ರಾವು ಗಾರು ಬದುಕಿದ್ದಾರೆ ಅಂತ ನೋಡಿ ಸಂತೋಷಕ್ಕೆ ಇನ್ನೊಂದು ಸುತ್ತು ಅತ್ತ. ಆಮೇಲೆ ಭ್ರಮರಾಂಬಳ ಮೇಲೆ ತಿರುಗಿದ. "ಅತ್ತಿದ್ದು ಹೋಗ್ಲಿ ಅಮ್ಮಾ. ಪೇಪರ್‌ನೋರಿಗೆ ಏನಂತ ಹೇಳ್ಲಿ? ಇನ್ನು ತೆನಾಲೀಲಿ ಯಾರು ಸತ್ರೂ ನನಗೆ ಫೋನ್ ಮಾಡ್ಬೇಡ ಅಂತ ಸಂಪಾದಕರು ಉಗೀತಾರೆ."

"ನಿಮ್ಮನ್ನ ಅಳಿ ಅಂದ್ರೆ ಊರಿಗೆಲ್ಲ ಡಂಗುರ ಹೊಡೀರಿ ಅಂದ್ನಾ ನಾನು?"

"ಇನ್ನೊಂದ್ಸಲ ನೀನು ತಂತಿ ಕೊಟ್ಟು ನೋಡು. ನಾನು ಅಳಲ್ಲ."

ಅತ್ತವರ ಕಣ್ಣೀರಿನಿಂದಲೋ, ಅಂಕಮ್ಮ ಗುಡಿಯ ಹತ್ತಿರದ ನಾಟಿ ಔಷಧದಿಂದಲೋ, ಅಷ್ಟು ಜನರನ್ನು ಕಂಡದ್ದರಿಂದಲೋ, ರಾವು ಗಾರ ಕಣ್ಣಿನ ಹಳದಿ ಇಳಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಚಿನ ಮೇಲೆ ಬಂದು ಕೂತರು. ಅದಾದ ಮೇಲಿನ ವರ್ಷಗಳನ್ನು ನೆನೆಸಿಕೊಂಡರೆ ಭ್ರಮರಾಂಬಳಿಗೆ ಮುದಿ ವಯಸ್ಸಿನಲ್ಲೂ ಮುಖ ಅರಳುತ್ತಿತ್ತು. ರೈಲಿನಿಂದ ಇಳಿದವರು ಸೀದಾ ಅಂಗಡಿಗೆ ಬರುತ್ತಿದ್ದರು, ಸತ್ತು ಬದುಕಿದವರನ್ನು ಮುಟ್ಟಿ ನೋಡುತ್ತಿದ್ದರು. ಗ್ರಂಥಾಲಯದವರು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರು. ರಾವು ಗಾರು ಆ ಶಾಲನ್ನು ತಂದು, ಕಾಲುವೆಯ ಗಾಳಿಗೆ ಚಳಿಯಾಗುತ್ತೆ ಅಂತ ಅವಳ ಮಣೆಯ ಮೇಲಿಟ್ಟು ಹೋದರು.

"ಜೀವಮಾನ ಎಲ್ಲ ಕೊಂದೆ. ನೀನು ಕೊಂದಷ್ಟು ಚೆನ್ನಾಗಿ ನನಗೆ ಒಂದೂ ಬರಲಿಲ್ಲ," ಅನ್ನುತ್ತಿದ್ದರು.

ಮಾಘ ಮಾಸದ ಒಂದು ಬೆಳಿಗ್ಗೆ ಅವರು ಪೆಸರಟ್ಟು ತಿನ್ನುತ್ತಾ ಬೆಂಚಿನ ಮೇಲೆ ಪಕ್ಕಕ್ಕೆ ವಾಲಿದರು. ತಮಾಷೆ ಮಾಡುತ್ತಿದ್ದಾರೆ ಅಂತ ಪಕ್ಕದವನು ಭುಜ ತಟ್ಟಿದ. ಡಾಕ್ಟರು ಬಂದು ನಾಡಿ ಹಿಡಿದು ಬಿಟ್ಟರು. ಮನೆಗೆ ಹೊತ್ತೊಯ್ದು ಜಗುಲಿಯ ಮೇಲೆ ಮಲಗಿಸಿ, ಭಿಲಾಯಿಯ ಮಗನಿಗೆ ಸುದ್ದಿ ಕೊಟ್ಟದ್ದಾಯಿತು. ಅವನು ಮರುದಿನ ಬೆಳಿಗ್ಗೆ ಬಂದ ಮೇಲೆ ಸಂಸ್ಕಾರ ಅಂತ ಊರಿನ ಹಿರಿಯರು ಮಾತಾಡಿಕೊಂಡರು.

ಭ್ರಮರಾಂಬ ನಡೆದುಕೊಂಡು ತಂತಿ ಕಚೇರಿಗೆ ಹೋದಳು. ಆ ನರ್ಸಮ್ಮಂದಿರಿಗೆ, ಆ ಈಡಿಗನಿಗೆ, ಮೀಸೆಯವನಿಗೆ ಗೊತ್ತಾಗಬೇಕಿತ್ತು. ಸುಳ್ಳಿಗೆ ಅಷ್ಟು ಜನ ಬಂದಿದ್ದರು, ನಿಜಕ್ಕೆ ಅವರು ಬರದೆ ಹೋದರೆ ಹೇಗೆ? ಮೌಲಾಲಿ ಬಸವಪುನ್ನಯ್ಯನ ವಿಳಾಸಕ್ಕೆ ತಂತಿ ಹೊಡೆದ. ಮೌಲಾಲಿ ಆಗಲೇ ಹೆಣ ನೋಡಿ ಬಂದಿದ್ದ.

ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ಮೌಲಾಲಿ ಅದನ್ನು ಬೇರೆಯವರ ಕೈಗೆ ಕೊಡಲಾರದೆ ತಾನೇ ತಂದ. ಜಗುಲಿಯಲ್ಲಿ ಹೆಣದ ತಲೆಯ ಹತ್ತಿರ ದೀಪ ಉರಿಯುತ್ತಿತ್ತು. "ಏನಂತೆ?" ಅಂದಳು ಭ್ರಮರಾಂಬ. ಮೌಲಾಲಿ ನೆಲ ನೋಡುತ್ತಾ ಓದಿ ಹೇಳಿದ. "ರಾವು ಗಾರಿಗೆ ಶುಭಾಶಯ. ನೂರು ವರ್ಷ ಬಾಳಲಿ. ಕಾಗೆಗೂ ನಮಸ್ಕಾರ ತಿಳಿಸಿ."

ಭ್ರಮರಾಂಬಳಿಗೆ ಬಸವಪುನ್ನಯ್ಯನ ಮೇಲೆ ಸಿಟ್ಟು ಬರಲಿಲ್ಲ. ಅಂದು ಸುಳ್ಳು ತಂತಿ ಕೊಟ್ಟ ತನ್ನ ಕೈಯ ಮೇಲೇ ಬಂತು. ಪತ್ರಿಕೆಯವರು ಅವನ ಮಾತು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ಅವನು ನಂಬದಿದ್ದರೆ ನಾಳೆಯ ಪೇಪರಿನಲ್ಲಿ ಒಂದು ಸಾಲೂ ಇರುವುದಿಲ್ಲ, ನಾಳೆ ಬೆಳಿಗ್ಗೆ ಈ ಬೀದಿಯ ಹತ್ತಾರು ಜನ ಹೊತ್ತುಕೊಂಡು ಹೋಗಿ ಮುಗಿಸಿಬಿಡುತ್ತಾರೆ. ಅವಳು ಉಟ್ಟ ಸೀರೆಯಲ್ಲೇ ಸ್ಟೇಷನ್ನಿಗೆ ಹೋಗಿ ವಿಜಯವಾಡದ ಪ್ಯಾಸೆಂಜರ್ ಹತ್ತಿದಳು. ಡಬ್ಬಿಯಲ್ಲಿ ಒಬ್ಬ ನೀಲಾಚಲಂನ ಕಥೆ ಓದಿ ಹೇಳುತ್ತಿದ್ದ. ಎಲ್ಲರೂ ಕಿವಿಗೊಟ್ಟು ಕೂತಿದ್ದರು.

ಬಸವಪುನ್ನಯ್ಯ ಮುದ್ರಣಾಲಯದ ಬಾಗಿಲಲ್ಲೇ ಕಂಡ. ಅವಳನ್ನು ನೋಡಿ ಕೈ ಎತ್ತಿ ಮುಗಿದ. "ಅಬ್ಬಾ, ಈ ಸಲ ಸ್ವಂತ ಬಂದ್ಯಾ? ಬಾ ಕೂತ್ಕೋ. ನಿನ್ನ ನಾಟಕಕ್ಕೆ ಮೆಚ್ಚಿದೆ ಅಮ್ಮಾ. ನಾಳೆ ಎರಡನೇ ತಂತಿ ಬರುತ್ತಲ್ಲ, ಅದನ್ನ ನೋಡ್ಕೊಂಡು ನಾನೇ ಬರ್ತೀನಿ, ಪಾಯಸ ಮಾಡಿಟ್ಟಿರು."

"ಎರಡನೇ ತಂತಿ ಬರಲ್ಲ ಪುನ್ನಯ್ಯ ಗಾರು."

ಆತನ ಮುಖದ ನಗೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಅವಳ ಮೊಣಕೈವರೆಗೆ ಒಣಗಿದ್ದ ಹಿಟ್ಟಿನ ಕಡೆ ನೋಡಿದ. ಬೆಳಗಿನಿಂದ ಅವಳು ಕೈ ತೊಳೆದಿರಲಿಲ್ಲ. ಆತ ಕುರ್ಚಿಯಲ್ಲಿ ಕೂತ.

"ತಿಂದಿದ್ರಾ?" ಅಂತ ಕೇಳಿದ.

"ಅರ್ಧ ತಿಂದಿದ್ರು. ಇನ್ನೊಂದು ಹಾಕು ಅಂದ್ರು. ಹಾಕಿ ತಿರುಗೋದ್ರೊಳಗೆ..." ಬೆಳಗಿನಿಂದ ತಡೆದಿದ್ದ ಅಳು ಅವಳ ಹೊಟ್ಟೆಯಿಂದ ಎದ್ದು ಬಂತು. ಒಳಗೆ ಅಚ್ಚುಮೊಳೆ ಜೋಡಿಸುತ್ತಿದ್ದವರು ಬಾಗಿಲಿಗೆ ಬಂದು ನಿಂತರು.

ಬಸವಪುನ್ನಯ್ಯ ಟೆಲಿಫೋನ್ ಎತ್ತಿ ಪತ್ರಿಕೆಯ ಸಂಪಾದಕರಿಗೆ ಹೇಳಿದ. "ಸಾರ್, ತೆನಾಲಿಯಿಂದ ಸುದ್ದಿ ಬಂದಿದೆ. ಪಾನಕಾಲರಾವು ಗಾರು..." ಅಷ್ಟಕ್ಕೇ ಆ ಕಡೆಯಿಂದ ನಗು ಕೇಳಿಸಿತು. ದೊಡ್ಡ ನಗು, ಕೋಣೆಗೆಲ್ಲ ಕೇಳುವಂಥದ್ದು. ಸಂಪಾದಕರು ಪಕ್ಕದಲ್ಲಿದ್ದ ಇನ್ಯಾರಿಗೋ ಹೇಳಿ ಅವರನ್ನೂ ನಗಿಸುತ್ತಿದ್ದರು. ಬಸವಪುನ್ನಯ್ಯ ಕುರ್ಚಿಯಿಂದ ಎದ್ದ. ಫೋನಿನ ತಂತಿ ಎಟಕುವಷ್ಟು ಮುಂದೆ ಬಂದು, ರಿಸೀವರನ್ನು ಅಳುತ್ತಿದ್ದ ಭ್ರಮರಾಂಬಳ ಮುಖದ ಹತ್ತಿರ ಹಿಡಿದ. ಆ ಕಡೆಯ ನಗು ಸ್ವಲ್ಪ ಹೊತ್ತಿಗೆ ನಿಂತಿತು. ಆತ ರಿಸೀವರನ್ನು ಹಾಗೇ ಹಿಡಿದುಕೊಂಡು ನಿಂತಿದ್ದ.